ತಾರಸಿ ಹತ್ತಿಸುವ ತಾಣಗಳು

ಆಗಸ್ಟ್ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ: 27ರ ರಾತ್ರಿ ಮಂಗಳ ಗ್ರಹ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದಂತೆ. ಇದರ ಬೇರಿನಲ್ಲಿ ಸ್ವಲ್ಪ ಸತ್ಯವಿದೆ. 2003ರ ಆಗಸ್ಟ್ 27ರಂದು ಮಂಗಳ ಭೂಮಿಗೆ ಸುಮಾರು 5.6 ಕೋಟಿ ಕಿಲೋಮೀಟರ್ ಹತ್ತಿರ ಬಂದಿತ್ತು. ಸಾವಿರಾರು ವರ್ಷಗಳಲ್ಲಿ ಅದು ಅಷ್ಟು ಸಮೀಪ ಬಂದಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. "ಸರ್, ಇದು ನಿಜವಾ?" ಎಂದು ಮಕ್ಕಳು ಕೇಳಿದಾಗ ಬಾಯಿಮಾತಿನಲ್ಲಿ ಉತ್ತರ ಹೇಳದೆ ಸ್ಟೆಲೇರಿಯಂ ತೆರೆಯುತ್ತೇನೆ. ಉಚಿತ ತಂತ್ರಾಂಶ. ನಮ್ಮೂರಿನ ಹೆಸರು, ಬೇಕಾದ ದಿನಾಂಕ ಕೊಟ್ಟರೆ ಆ ಹೊತ್ತಿನ ಆಕಾಶ ಪರದೆಯ ಮೇಲೆ ಮೂಡುತ್ತದೆ. 2003ರ ಆ ರಾತ್ರಿಗೇ ಹೋಗಿ ಮಂಗಳದ ಮೇಲೆ ಒತ್ತಿದರೆ ಅದರ ತೋರಿಕೆಯ ಗಾತ್ರ ಸುಮಾರು 25 ಆರ್ಕ್‌ಸೆಕೆಂಡ್ ಎಂದು ಬರುತ್ತದೆ. ಚಂದ್ರನದು 1,800ರ ಆಸುಪಾಸು. ಭಾಗಾಕಾರವನ್ನು ಮಕ್ಕಳೇ ಮಾಡಿಬಿಡುತ್ತಾರೆ. ಅಲ್ಲಿಗೆ ವದಂತಿಯ ಕಥೆ ಮುಗಿಯಿತು.

ಅಂತರ್ಜಾಲದಲ್ಲಿ ಖಗೋಳ ಹುಡುಕುತ್ತ ನಾನು ಕಂಡುಕೊಂಡದ್ದು ಇಷ್ಟು: ಹೇಳಿದ್ದನ್ನು ನಾವೇ ಪರೀಕ್ಷಿಸಿ ನೋಡಲು ಬಿಡುವ ತಾಣ ಒಳ್ಳೆಯದು, ಸುಮ್ಮನೆ ಬೆರಗುಗೊಳಿಸುವ ತಾಣ ಅಲ್ಲ. "ವಿಜ್ಞಾನಿಗಳೇ ಬೆಚ್ಚಿಬಿದ್ದರು" ಎಂದು ಶುರುವಾಗುವ ಯೂಟ್ಯೂಬ್ ವಿಡಿಯೊಗಳಲ್ಲಿ ದಿನಾಂಕವಿರುವುದಿಲ್ಲ, ಚಿತ್ರ ಯಾವ ದೂರದರ್ಶಕದ್ದೆಂಬ ಸುಳಿವಿರುವುದಿಲ್ಲ. ಅಂಥವನ್ನು ನಾನು ತರಗತಿಯೊಳಗೆ ಬಿಡುವುದಿಲ್ಲ.

ಹೆವೆನ್ಸ್ ಅಬೊವ್ ಎಂಬ ತಾಣ ನೋಡಲು ತೀರಾ ಸಾದಾ. ಆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮೂರಿನ ಮೇಲೆ ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಹಾದುಹೋಗುತ್ತದೆ ಎಂದು ಕರಾರುವಾಕ್ಕಾಗಿ ಹೇಳುತ್ತದೆ. ಒಮ್ಮೆ ಸಂಜೆ ಮಕ್ಕಳನ್ನು ಶಾಲೆಯ ತಾರಸಿಗೆ ಹತ್ತಿಸಿದ್ದೆ. ಹೇಳಿದ ನಿಮಿಷಕ್ಕೆ ಬೆಳಕಿನ ಚುಕ್ಕೆ ಬಂತು. ನಡು ಆಕಾಶ ದಾಟುತ್ತಿದ್ದಂತೆ ಮಾಯವಾಯಿತು. "ಎಲ್ಲಿ ಹೋಯ್ತು ಸರ್?" ನಿಲ್ದಾಣಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾದ ಮೇಲೂ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಅದಕ್ಕೆ ಬಿಸಿಲು ಬೀಳುತ್ತಿರುತ್ತದೆ. ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ಕಾಣದಾಗುತ್ತದೆ. ನೆರಳಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಸಿಕ್ಕಿಲ್ಲ.

ಓದಲು ಕೂರುವವರಿಗೆ ಓಪನ್‌ಸ್ಟಾಕ್ಸ್‌ನ 'ಆಸ್ಟ್ರಾನಮಿ' ಪಠ್ಯಪುಸ್ತಕ ಉಚಿತವಾಗಿ ಸಿಗುತ್ತದೆ. ಗಣಿತಕ್ಕೆ ಹೆದರುವವರೂ ಓದಬಹುದು. ದಿನಕ್ಕೊಂದು ಚಿತ್ರ ಸಾಕೆನ್ನುವವರಿಗೆ ನಾಸಾದ 'ಆಸ್ಟ್ರಾನಮಿ ಪಿಕ್ಚರ್ ಆಫ್ ದ ಡೇ' ಇದೆ. 1995ರ ಜೂನ್ 16ರಿಂದ ನಡೆದುಬಂದಿದೆ, ಟಿಪ್ಪಣಿ ಬರೆಯುವವರು ಖಗೋಳ ವಿಜ್ಞಾನಿಗಳೇ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಗ್ಯಾಲಕ್ಸಿ ಝೂ. 2007ರಲ್ಲಿ ಶುರುವಾದ ಈ ಯೋಜನೆಯಲ್ಲಿ ಯಾರು ಬೇಕಾದರೂ ಗೆಲಾಕ್ಸಿಗಳ ಚಿತ್ರ ನೋಡಿ ಆಕಾರ ಗುರುತಿಸಬಹುದು. ಅದೇ ವರ್ಷ ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಒಂದು ಚಿತ್ರದಲ್ಲಿ ವಿಚಿತ್ರ ಬೆಳಕಿನ ಮೋಡ ಕಂಡು ಇದೇನೆಂದು ಕೇಳಿದರು. ವಿಜ್ಞಾನಿಗಳಿಗೆ ಅದು ಹೊಸದು! ಹಬಲ್ ದೂರದರ್ಶಕವೇ ಅದರತ್ತ ತಿರುಗಿತು; ಮೋಡಕ್ಕೆ ಆಕೆಯ ಹೆಸರೇ ಉಳಿಯಿತು. ಈ ಸಂಗತಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ.

ಕೊರತೆ ಇರುವುದು ಕನ್ನಡದಲ್ಲಿ. ಜಿ.ಟಿ. ನಾರಾಯಣ ರಾವ್ ಅವರಂಥವರು ಆಕಾಶ ನೋಡುವ ಪಾಠವನ್ನು ಕನ್ನಡದಲ್ಲೇ ಬರೆದು ತೋರಿಸಿದ್ದಾರೆ. ಆ ಕೆಲಸ ಅಂತರ್ಜಾಲದಲ್ಲೂ ಮುಂದುವರಿಯಬೇಕು. ಖಗೋಳ ಬಲ್ಲ ಶಿಕ್ಷಕ ಮಿತ್ರರು ತಿಂಗಳಿಗೊಂದು ಪುಟವಾದರೂ, ಈ ತಿಂಗಳು ಸಂಜೆಯ ಆಕಾಶದಲ್ಲಿ ಏನೇನು ಕಾಣುತ್ತದೆ ಎಂದು, ಕನ್ನಡದಲ್ಲಿ ಬರೆದು ಹಂಚಿಕೊಳ್ಳಿ.