ಎಳೆಯ ಕೈಗಳಿಗೆ ಕಾಯಕದ ಪಾಠ

ಶರಣಧರ್ಮದಲ್ಲಿ ಕಾಯಕ ಮತ್ತು ದಾಸೋಹಗಳು ಒಂದೇ ಬಂಡಿಯ ಎರಡು ಗಾಲಿಗಳು. ದುಡಿಯದವನು ನೀಡಲಾರನು, ನೀಡದವನ ದುಡಿಮೆ ಬರಿಯ ಗಳಿಕೆಯಾಗಿ ಉಳಿಯುವುದು. ಶರಣರ ಹೆಸರುಗಳಲ್ಲಿಯೇ ಈ ತತ್ತ್ವವು ಅಡಗಿದೆ. ಮೇದಾರ ಕೇತಯ್ಯನು ಬುಟ್ಟಿ ಹೆಣೆದನು. ನುಲಿಯ ಚಂದಯ್ಯನು ಹಗ್ಗ ಹೊಸೆದನು. ಕದಿರ ರೆಮ್ಮವ್ವೆಯು ನೂಲು ತೆಗೆದಳು. ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತನು. ಇವರ ಅನುಭಾವವು ಕೈಗೆಲಸವನ್ನು ಬಿಟ್ಟು ಹುಟ್ಟಿದುದಲ್ಲ. ಹೀಗಿರಲು, ಶರಣರನ್ನು ನೆನೆಯುವ ಮನೆಗಳ ಮಕ್ಕಳಿಗೆ ಕೈವಿದ್ಯೆಯು ಯಾವ ವಯಸ್ಸಿನಲ್ಲಿ, ಯಾವ ರೀತಿಯಿಂದ ದೊರೆಯಬೇಕೆಂಬುದು ವಿಚಾರಣೀಯವಾದ ವಿಷಯ.

ಇಳಕಲ್ಲಿನ ನೇಕಾರರ ಮನೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: "ಈ ಕುಣಿಮಗ್ಗ ನಮ್ಮ ಕಾಲಕ್ಕೇ ಮುಗಿಯಲಿ, ಮಗ ಓದಿ ನೌಕರಿ ಹಿಡಿಯಲಿ." ಇದು ಸೋಮಾರಿಯ ಮಾತಲ್ಲ; ದಿನವೆಲ್ಲ ಬೆನ್ನು ಬಾಗಿಸಿ ದುಡಿದರೂ ಕೂಲಿ ಸಾಲದವನ ನೋವು. ಅದನ್ನು ಹಗುರವಾಗಿ ಎಣಿಸಲಾಗದು. ಆದರೆ ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಮಗುವಿನಿಂದ ಕೂಲಿ ದುಡಿಸುವುದು ಬೇರೆ, ಮಗುವಿಗೆ ಕೈವಿದ್ಯೆ ಕಲಿಸುವುದು ಬೇರೆ. ಮೊದಲನೆಯದರಲ್ಲಿ ವಸ್ತುವೇ ಮುಖ್ಯ, ಮಗು ಅದಕ್ಕೆ ಸಾಧನ. ಎರಡನೆಯದರಲ್ಲಿ ಮಗುವೇ ಮುಖ್ಯ, ವಸ್ತು ಸಾಧನ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು 2010ರಿಂದ ಕಾನೂನಿನ ಹಕ್ಕಾಗಿದೆ. ಆ ಹಕ್ಕನ್ನು ಕಸಿದು ಕೂಸನ್ನು ಮಗ್ಗಕ್ಕೆ ಕೂಡಿಸುವುದು ಕಾಯಕವಲ್ಲ, ಅಪಚಾರ. ಕೈಗಸಬಿನ ಮೂಲಕವೇ ಉಳಿದ ಪಾಠಗಳನ್ನು ಕಲಿಸಬೇಕೆಂದು ಗಾಂಧೀಜಿಯವರು 1937ರಲ್ಲಿ ವರ್ಧಾದಲ್ಲಿ ಸೂಚಿಸಿದುದು ಈ ಎರಡನೆಯ ಮಾರ್ಗಕ್ಕೆ ಸೇರಿದುದು.

ಆ ಮಾರ್ಗಕ್ಕೆ ಬೇಕಾದ ಪಾಠವು ತಾಯಿಯ ಸೀರೆಯ ಮೇಲೆಯೇ ಇದೆ. ಇಳಕಲ್ ಸೀರೆಯ ಸೆರಗಿನ ಮೇಲೆ ಹಾಕುವ ಕಸೂತಿಗೆ ಮೊದಲು ಗೆರೆ ಬರೆಯುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸಬೇಕು. ಮೂರನೆಯ ಇಯತ್ತೆಯ ಮಗುವು ಮೊದಲು ಚೌಕದ ಹಾಳೆಯ ಮೇಲೆ ಮನೆಗಳನ್ನು ಎಣಿಸಿ ಒಂದು ಗೋಪುರವನ್ನು ತಾನೇ ರಚಿಸಲಿ. ಅನಂತರ ದಪ್ಪ ಎಳೆಯ ಬಟ್ಟೆ, ಮೊಂಡು ಸೂಜಿ ಕೊಡಬಹುದು. ಗವಂತಿ ಹೊಲಿಗೆಯಲ್ಲಿ ದಾರವು ಹೋಗುವಾಗ ಒಂದು ಬಿಟ್ಟು ಒಂದರಂತೆ ನಡೆದು, ಮರಳುವಾಗ ಬಿಟ್ಟ ಸ್ಥಳಗಳನ್ನು ತುಂಬುತ್ತದೆ. ಗಂಟಿಗೆ ಆಸ್ಪದವಿಲ್ಲ; ಬಟ್ಟೆಯ ಒಳಮೈ ಹೊರಮೈಗಳೆರಡೂ ಒಂದೇ ರೂಪ ತಾಳುತ್ತವೆ. ಒಂದೆಳೆ ತಪ್ಪಿದರೆ ಮರಳುವ ದಾರವು ಕೂಡದು. ಆಗ ಗುರುವು ಗದರಿಸಬೇಕಾಗಿಲ್ಲ. ಬಟ್ಟೆಯೇ ತಪ್ಪನ್ನು ತೋರಿಸುತ್ತದೆ. ಮಗುವು ಬಿಚ್ಚಿ ಮತ್ತೆ ಹೊಲಿಯುತ್ತದೆ. ಒಳಗೊಂದು ಹೊರಗೊಂದು ಆಗಬಾರದೆಂಬ ಶರಣರ ನುಡಿಗೆ ಇದಕ್ಕಿಂತ ಸುಲಭವಾದ ವ್ಯಾಖ್ಯಾನವಿಲ್ಲ.

ಅಡುಗೆಯ ಪಾಠವೂ ಹೀಗೆಯೇ. ಬಾಗಲಕೋಟೆಯಿಂದ ಬಾದಾಮಿಯವರೆಗೆ ರೊಟ್ಟಿ ಬಡಿಯದ ಮನೆಯುಂಟೆ? ಆದರೆ ಜೋಳದ ಹಿಟ್ಟಿಗೆ ಕುದಿಯುವ ಎಸರು ಏಕೆ ಬೇಕೆಂದು ಎಷ್ಟು ಮಕ್ಕಳಿಗೆ ತಿಳಿದಿದೆ? ಗೋದಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಬಿಸಿನೀರು ಹಿಟ್ಟಿನ ಗಂಜಿಯಂಶವನ್ನು ಬೇಯಿಸಿ ಅಂಟು ಬರಿಸುತ್ತದೆ. ಆಮೇಲೆ ಚೆನ್ನಾಗಿ ನಾದಿದರೆ ಅಂಚು ಒಡೆಯದು. ಎಸರು, ಒಲೆ, ಹಂಚುಗಳು ಹಿರಿಯರ ಕೈಯಲ್ಲಿರಲಿ. ಕಾಳು ಆರಿಸುವುದು, ಹೆಸರುಕಾಳು ನೆನೆಯಿಟ್ಟು ಮೊಳಕೆ ಬರಿಸುವುದು, ಅಳೆಯುವುದು, ಆರಿದ ಹಿಟ್ಟನ್ನು ನಾದಿ ಬಡಿಯುವುದು ಮಕ್ಕಳಿಗೆ ಸಲ್ಲುವ ಕೆಲಸ. ಅಳೆಯುವಾಗ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಬೇಕು. ಗಂಡ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದಷ್ಟೇ ಸಾಕು, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಆಕೆ ಕಳುಹಿಸಿದಳು. ಸೇರು ಹಿಡಿದ ಮಗುವಿಗೆ ಆ ಕಥೆಯು ಕೈಯಲ್ಲಿಯೇ ತಿಳಿಯುತ್ತದೆ.

ಇಲ್ಲಿ ಗೃಹಸ್ಥರು ಒಂದು ವಿಷಯದಲ್ಲಿ ದೃಢವಾಗಿರಬೇಕು. ಹುಡುಗಿಗೆ ಮಾತ್ರ ಒಲೆ, ಹುಡುಗನಿಗೆ ಮಾತ್ರ ಪುಸ್ತಕ ಎಂಬ ಹಂಚಿಕೆ ಶರಣಮಾರ್ಗದ್ದಲ್ಲ. ಈ ಜಾತಿಯ ಕೈ ಮುಟ್ಟಿದುದನ್ನು ಆ ಜಾತಿಯವನು ಉಣ್ಣಲಾರನೆಂಬುದಂತೂ ಅದಕ್ಕೆ ಪೂರ್ಣ ವಿರುದ್ಧ. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಶಾಲೆಯ ಮಧ್ಯಾಹ್ನದ ಊಟಕ್ಕೆ ಅಕ್ಷರ ದಾಸೋಹವೆಂಬ ಹೆಸರಿದೆ. ಉಣ್ಣುವುದರಲ್ಲಿ ಒಂದೇ ಪಂಕ್ತಿಯಾದ ಮಕ್ಕಳು ಮಾಡುವುದರಲ್ಲಿಯೂ ಒಂದಾದರೆ ಆ ಹೆಸರು ಸಾರ್ಥಕವಾಗುವುದು.

ಇದಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ. ವಾರಕ್ಕೊಂದು ಹೊತ್ತು ಸಾಕು. ಊರಿನ ನೇಕಾರನನ್ನು, ಕಸೂತಿ ಬಲ್ಲ ಅಜ್ಜಿಯನ್ನು ಗುರುಗಳೆಂದು ಗೌರವಿಸಿ ಶಾಲೆಗೆ ಕರೆಯಬೇಕು. ತನ್ನ ತಂದೆಯು ಗುರುವಿನ ಪೀಠದಲ್ಲಿ ಕುಳಿತುದನ್ನು ಕಂಡ ಮಗುವು ಮಗ್ಗವನ್ನು ಕುರಿತು ನಾಚದು. ಮುಂದೆ ಅದು ನೇಯಲಿ, ನೌಕರಿ ಹಿಡಿಯಲಿ, ನೆಯ್ದವನ ಬೆವರಿನ ಬೆಲೆಯನ್ನು ಮರೆಯದು. ತಾನು ಮಾಡಿದುದನ್ನು ಮೊದಲು ಇತರರಿಗೆ ನೀಡಿ, ಆಮೇಲೆ ತಾನು ಉಣ್ಣುವ ಅಭ್ಯಾಸವೂ ಅಂದೇ ಆಗಲಿ.

ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಯರು ಕೂಡಿ ಮುಂದೆ ಒಂದಾಗಿ ಹರಿಯುತ್ತಾರೆ. ಮಗುವಿನಲ್ಲಿ ಅಕ್ಷರವೂ ಕೈವಿದ್ಯೆಯೂ ಹಾಗೆಯೇ ಕೂಡಲಿ.