ಪಿರಾನ್ಹಾ ಸಾಕುವವರು ಗಮನಿಸಬೇಕಾದದ್ದು

ಮನೆಯ ಅಕ್ವೇರಿಯಂನಲ್ಲಿ ಸಾಕುವ ಪಿರಾನ್ಹಾ ಸಾಮಾನ್ಯವಾಗಿ ದಕ್ಷಿಣ ಅಮೆರಿಕದ ಅಮೆಜಾನ್ ಮೊದಲಾದ ನದಿಗಳ ಕೆಂಪು ಹೊಟ್ಟೆಯ ಜಾತಿ. ಭಾರತದ ಅಂಗಡಿಗಳಲ್ಲಿ ಈ ಹೆಸರು ಹೇಳಿ ಮಾರುವುದು ಬಹಳ ಸಲ ಪಾಕು, ಅಂದರೆ ಮೀನು ಮಾರುಕಟ್ಟೆಯ ರೂಪ್‌ಚಂದ್. ಹಲ್ಲು ನೋಡಿದರೆ ಗೊತ್ತಾಗುತ್ತದೆ: ಪಿರಾನ್ಹಾದ್ದು ಹರಿತವಾದ ತ್ರಿಕೋನ, ಪಾಕುವಿನದು ಮನುಷ್ಯರ ದವಡೆ ಹಲ್ಲಿನಂತೆ ಚಪ್ಪಟೆ. ಪಾಕು ಸೊಪ್ಪು, ಹಣ್ಣು, ಕಾಳುಗಳನ್ನೂ ತಿನ್ನುವ ಮೀನು. ಅದಕ್ಕೆ ಬರೀ ಮಾಂಸ ಹಾಕುವುದು ತಪ್ಪು.

ನಿಜವಾದ ಪಿರಾನ್ಹಾಕ್ಕೆ ಮುಳ್ಳು ತೆಗೆದ ಮೀನಿನ ತುಂಡು, ಸಿಪ್ಪೆ ಸಹಿತ ಸಿಗಡಿ, ಎರೆಹುಳು ಒಳ್ಳೆಯದು. ಕೋಳಿ, ಕುರಿ ಮಾಂಸದ ಕೊಬ್ಬು ಅದಕ್ಕೆ ಒಗ್ಗುವುದಿಲ್ಲ. ಜೀವಂತ ಗೋಲ್ಡ್‌ಫಿಶ್ ಬಿಟ್ಟು ಬೇಟೆ ನೋಡುವುದಂತೂ ಕೂಡದು. ಅದರಿಂದ ರೋಗ ಅಂಟಬಹುದು. ಜೊತೆಗೆ ಆ ಮೀನಿನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಮರಿಗಳಿಗೆ ದಿನಾ, ಬೆಳೆದವಕ್ಕೆ 2–3 ದಿನಕ್ಕೊಮ್ಮೆ ಆಹಾರ ಸಾಕು. ಉಳಿದ ತುಂಡು ತಳದಲ್ಲಿ ಕೊಳೆತರೆ ಅಮೋನಿಯಾ ಏರುತ್ತದೆ, ಕೂಡಲೇ ತೆಗೆಯಬೇಕು.

ಬೆಳೆದ ಮೀನು 25 ಸೆಂ.ಮೀ. ಮುಟ್ಟುವುದರಿಂದ ಕನಿಷ್ಠ ನಾಲ್ಕಡಿ ಉದ್ದದ ತೊಟ್ಟಿ ಬೇಕು. ಗುಂಪಿಗೆ ಇನ್ನೂ ದೊಡ್ಡದು. ನೀರು 24–28 ಡಿಗ್ರಿ ಇರಲಿ, ಫಿಲ್ಟರ್ ಬಲವಾಗಿರಲಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಗಲಿ. ತೊಟ್ಟಿಯೊಳಗೆ ಕೈ ಹಾಕದೆ ಉದ್ದನೆಯ ಇಕ್ಕಳ ಬಳಸಬೇಕು. ಸಾಕಲಾಗದಿದ್ದರೆ ಅಂಗಡಿಗೆ ಹಿಂತಿರುಗಿಸಬೇಕೇ ಹೊರತು ಕೆರೆಗೆ ಬಿಡಬಾರದು.