ಚಲಚ್ಚಿತ್ರವೂ ಮನೋವ್ಯಾಧಿಯ ಉಪಚಾರವೂ

ಚಲಚ್ಚಿತ್ರವು ಶೀಲಕ್ಕೆ ಕೇಡೆಂದು ಸಭೆಯ ಹಿರಿಯರು ಹೇಳುತ್ತಿದ್ದುದನ್ನು ಕೇಳಿ ಬೆಳೆದವರು ನಾವು. ಅದನ್ನೇ ಮನೋವೈದ್ಯರು ಚಿಕಿತ್ಸೆಗೆ ಸಾಧನವಾಗಿ ಬಳಸುವರೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಅರಿಕೆ ಮಾಡಬೇಕಾಗಿ ಬಂದುದು ವಿನೋದವೇ ಸರಿ.

ಗ್ರಂಥಪಠನದಿಂದ ಮನಸ್ಸಿಗೆ ಉಪಶಮನವನ್ನುಂಟುಮಾಡುವ ಕ್ರಮಕ್ಕೆ ಅಮೇರಿಕದ ಸಭಾಪಾಲಕರಾದ ಸ್ಯಾಮ್ಯುಅಲ್ ಕ್ರೋದರ್ಸರು 1916ರಲ್ಲಿಯೇ ಹೆಸರಿಟ್ಟಿದ್ದರು. ಚಿತ್ರದ ಮೂಲಕ ಮಾಡುವ ಉಪಚಾರಕ್ಕೆ ‘ಸಿನೆಮಾಥೆರಪಿ’ ಎಂಬ ಹೆಸರು 1990ರಲ್ಲಿ ಲಿಂಡಾ ಬರ್ಗ್-ಕ್ರಾಸ್ ಮತ್ತು ಅವರ ಸಂಗಡಿಗರ ಲೇಖನದಿಂದ ಬಂದಿತು. ಚಿತ್ರವನ್ನು ನೋಡಿದೊಡನೆ ವ್ಯಾಧಿಯು ವಾಸಿಯಾಗುವುದೆಂದು ಇದರ ಅರ್ಥವಲ್ಲ. ರೋಗಿಯನ್ನು ಬಲ್ಲ ವೈದ್ಯರು ಆಕೆಯ ಸಂಕಟಕ್ಕೆ ಸಮೀಪವಾದ ಕಥೆಯನ್ನು ಆರಿಸಿ, ನೋಡಿದ ಬಳಿಕ ಆಕೆಯನ್ನು ಮಾತನಾಡಿಸುತ್ತಾರೆ. ತನ್ನ ದುಃಖವನ್ನು ಹೇಳಲಾರದವಳು ತೆರೆಯ ಮೇಲಿನ ಹೆಂಗಸಿನ ದುಃಖವನ್ನು ಹೇಳಬಲ್ಲಳು. ಆ ಸಂಭಾಷಣೆಯೇ ಉಪಚಾರದ ತಿರುಳು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು (ಆಕೆಯ ಒಪ್ಪಿಗೆಯಿಂದಲೇ, ಹೆಸರು ಹೇಳದೆ ಬರೆಯುತ್ತಿದ್ದೇವೆ) ಬಾಣಂತಿತನದಲ್ಲಿ ಮನೋವ್ಯಾಧಿಗೊಳಗಾಗಿ, ಆಸ್ಪತ್ರೆಯಲ್ಲಿ ಗುಣಹೊಂದಿ ತವರಿಗೆ ಬಂದಳು. ತಾಯಿಯವರು ಆಕೆಯ ನಗುವನ್ನೂ ಎಣಿಸುತ್ತಿದ್ದರು. ಸ್ವರವು ಸ್ವಲ್ಪ ಏರಿದರೆ ಸಾಕು, “ಮಾತ್ರೆ ತಗೊಂಡೆಯೇನೇ?” ಎನ್ನುವರು. ಮಗುವನ್ನು ಆಕೆಯ ಕೈಗೆ ಕೊಟ್ಟು ಬಾಗಿಲಲ್ಲಿಯೇ ನಿಲ್ಲುವರು. ನಾವು ಬುದ್ಧಿ ಹೇಳಿದೆವು, ಫಲವಾಗಲಿಲ್ಲ. ಕಡೆಗೆ ಆ ತಾಯಿಯವರನ್ನು ನಮ್ಮ ಮನೆಗೆ ಕರೆದು, ಜೊತೆಯಲ್ಲಿ ಕುಳಿತು ‘ಶರಪಂಜರ’ವನ್ನು ನೋಡಿದೆವು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಚಿತ್ರವದು. ಕಲ್ಪನಾ ಅಭಿನಯಿಸಿದ ಕಾವೇರಿಯು ಹೆರಿಗೆಯ ತರುವಾಯ ಬುದ್ಧಿಭ್ರಮಣೆಗೊಂಡು, ಗುಣಹೊಂದಿ ಮನೆಗೆ ಬಂದರೂ ಸುತ್ತಲಿನವರ ಸಂಶಯದ ದೃಷ್ಟಿಯಿಂದ ಆಕೆಗೆ ಬಿಡುಗಡೆಯಿಲ್ಲ. ಗಂಡನೂ ದೂರವಾಗುತ್ತಾನೆ. ಕೊನೆಗೆ ಆಕೆಯು ಪುನಃ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ. ಚಿತ್ರವು ಮುಗಿದ ಮೇಲೆ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, “ಟೀಚರಮ್ಮಾ, ನಾನೂ ಹಾಗೇ ನೋಡ್ತೀನಲ್ಲಾ” ಎಂದರು.

ಇದರಿಂದ ಉತ್ಸಾಹಗೊಂಡು ಅದೇ ಚಿತ್ರವನ್ನು ಮಗಳಿಗೂ ತೋರಿಸಹೊರಟೆವು. ಅದೃಷ್ಟವಶಾತ್ ಮೊದಲು ವೈದ್ಯರನ್ನು ಕೇಳಿದೆವು. ಆಗತಾನೇ ಗುಣಹೊಂದಿದವಳು ಕಾವೇರಿಯ ಕೊನೆಯನ್ನು ತನ್ನ ಕೊನೆಯೆಂದು ಭಾವಿಸಿದರೆ ಗತಿಯೇನೆಂದು ಅವರು ಕೇಳಿದಾಗ ನಮಗೆ ನಾಚಿಕೆಯಾಯಿತು. ತಾಯಿಗೆ ಔಷಧವಾದುದು ಮಗಳಿಗೆ ವಿಷವಾಗುತ್ತಿತ್ತು. ಮಗಳಿಗೆಂದು ಅವರು ಆರಿಸಿದ್ದು 2015ರ ‘ಇನ್‌ಸೈಡ್ ಔಟ್’ ಎಂಬ ಮಕ್ಕಳ ಚಿತ್ರ. ಅದರಲ್ಲಿ 11 ವರ್ಷದ ರೈಲಿಯ ಸಂತೋಷ, ದುಃಖ, ಭಯ, ಕೋಪ, ಜಿಗುಪ್ಸೆಗಳು ಮನುಷ್ಯರಂತೆ ಮಾತನಾಡುತ್ತವೆ. ಸಂತೋಷವು ನೆಲದ ಮೇಲೆ ವೃತ್ತವೊಂದನ್ನು ಬರೆದು, ದುಃಖವನ್ನು ಅದರೊಳಗೇ ನಿಲ್ಲಿಸಲೆತ್ನಿಸುತ್ತದೆ. ಆದರೆ ಹೊಸ ಊರಿನಲ್ಲಿ ಒಳಗೊಳಗೇ ಕುಗ್ಗಿದ್ದ ರೈಲಿಯು ಕಡೆಗೆ ತಾಯಿತಂದೆಗಳ ಮುಂದೆ ಅತ್ತು ಹಗುರಾಗುವುದು ಆ ದುಃಖದಿಂದಲೇ. ಇದನ್ನು ನೋಡಿದ ನಮ್ಮ ಹುಡುಗಿಯು ವೈದ್ಯರೊಡನೆ ಒಂದು ಗಂಟೆ ಆ ವೃತ್ತದ ವಿಷಯವನ್ನೇ ಮಾತನಾಡಿದಳಂತೆ.

ಬಾಣಂತಿಯು ನಿದ್ರೆಗೆಟ್ಟು ಅಸಂಬದ್ಧವಾಗಿ ಮಾತನಾಡಿದರೆ, ಅಥವಾ ತನಗಾಗಲಿ ಮಗುವಿಗಾಗಲಿ ಕೇಡು ಮಾಡುವ ಯೋಚನೆಯನ್ನು ಬಾಯಿಬಿಟ್ಟರೆ, ಚಿತ್ರವನ್ನು ಹುಡುಕುತ್ತ ಕೂರದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ನಮ್ಮ ಹುಡುಗಿಗೂ ಔಷಧವು ನಿಂತಿಲ್ಲ. ತಾಯಿಯವರು ಮಾತ್ರೆಯ ಪ್ರಶ್ನೆಯನ್ನು ಇನ್ನೂ ಕೇಳುತ್ತಾರಂತೆ. ಆದರೆ ದಿನಕ್ಕೊಮ್ಮೆ, ರಾತ್ರಿಯ ಊಟವಾದ ಮೇಲೆ.